ಎರಡೂವರೆಗೆ ಬರುವ ಕಡೂರು

ಆ ಗೌರಿ ಹಬ್ಬದ ಬೆಳಿಗ್ಗೆಯೂ ನಾನು ಎಂದಿನಂತೆ ಐದು ಗಂಟೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲನ್ನು ಸಣ್ಣ ಉರಿಯಲ್ಲಿಟ್ಟೆ. ಅದು ಕೆನೆಗಟ್ಟುವಷ್ಟರಲ್ಲಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಫೋನು ತೆರೆದೆ. ಹಿಂದಿನ ದಿನ ನನ್ನ ವೆಬ್‌ಸೈಟಿಗೆ ಯಾವ ಊರಿನವರು ಬಂದಿದ್ದರು, ಯಾವ ಪುಟದಲ್ಲಿ ಎಷ್ಟು ಹೊತ್ತು ಇದ್ದರು ಎಂಬುದನ್ನು ನೋಡದೆ ಆಗೆಲ್ಲ ನನಗೆ ಬೆಳಗಾಗುತ್ತಿರಲಿಲ್ಲ. ಬೆಂಗಳೂರು ಇತ್ತು, ಮೈಸೂರು ಇತ್ತು, ಪುಣೆಯಿಂದ ಒಬ್ಬರು. ಬೆರಳನ್ನು ಕೆಳಗೆ ಜಾರಿಸಿದೆ. ಅದೂ ಇತ್ತು. ಕಡೂರು, ಮಧ್ಯಾಹ್ನ ಎರಡು ಮೂವತ್ತೆರಡು, ದಾರ ಕಟ್ಟುವ ವಿಡಿಯೋದ ಪುಟ, ಇಪ್ಪತ್ತಾರು ನಿಮಿಷ.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

"ಹಬ್ಬದ ದಿನಾನೂ ಆ ಫೋನು ಬಿಡಲ್ವೇನೇ" ಎಂದರು ನಮ್ಮ ಯಜಮಾನರು, ಹಲ್ಲುಜ್ಜುತ್ತಲೇ ಬಾಗಿಲಿಗೆ ಬಂದು.

"ನಿನ್ನೆನೂ ಬಂದಿದ್ಲು."

"ಯಾರು?"

"ಇನ್ಯಾರು. ಕಡೂರಿನೋಳು."

ಅವರು ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದರು. ಅವರ ತಮ್ಮನ ಹೆಂಡತಿಯ ಮಾತು ಬಂದಾಗ ಅವರಿಗೆ ಯಾವಾಗಲೂ ಹಿತ್ತಲಿನಲ್ಲಿ ಕೆಲಸ ಇರುತ್ತದೆ.

ಕಡೂರಿನವಳು ಎಂದರೆ ನನ್ನ ವಾರಗಿತ್ತಿ. ನಾವಿರುವುದು ಅಜ್ಜಂಪುರದಲ್ಲಿ, ಮೈದುನನ ಸಂಸಾರ ಕಡೂರಿನಲ್ಲಿ. ನನಗೆ ಒಡಹುಟ್ಟಿದವರಿಲ್ಲ. ನನ್ನನ್ನು ಅಕ್ಕ ಎಂದು ಕರೆಯಲು ಈ ಭೂಮಿಯ ಮೇಲೆ ಇರುವವಳು ಅವಳೊಬ್ಬಳೇ. ಅತ್ತೆ ಹಾಸಿಗೆ ಹಿಡಿದಾಗ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು: "ಏನಾದ್ರೂ ಆಗ್ಲಿ, ಗೌರಿ ಹಬ್ಬದ ಬಾಗಿನ ಮಾತ್ರ ಬಿಡಬ್ಯಾಡಿ ಕಣ್ರೇ." ಹಿರಿಯವಳು ಕೊಡಬೇಕು, ಕಿರಿಯವಳು ಸೆರಗೊಡ್ಡಿ ತೆಗೆದುಕೊಳ್ಳಬೇಕು. ಕೊಟ್ಟ ಬಾಗಿನ ವಾಪಸ್ಸು ಬಂದರೆ ಆ ಎರಡು ಮನೆಗಳ ನಡುವೆ ಹೋಗಿ ಬರುವುದು ನಿಂತಂತೆ. ಅತ್ತೆಯ ಕಾಲದಲ್ಲಿ ನೆಂಟರ ಮನೆಯೊಂದರ ಜೊತೆ ಹಾಗಾಗಿತ್ತಂತೆ. ಆ ಮನೆಯವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಬಾಗಿನವೇ ನನ್ನ ವ್ಯಾಪಾರವೂ ಆಗಿತ್ತು. ಎರಡು ಬಿದಿರಿನ ಮೊರ, ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ. ಇನ್ನೊಂದನ್ನು ಅದರ ಮೇಲೆ ಮುಚ್ಚಿ ಅರಿಶಿನದ ದಾರದಿಂದ ಕಟ್ಟುವುದು. ದೂರದ ಊರುಗಳಲ್ಲಿ ಮೊರ ಸಿಗದೆ ಸ್ಟೀಲ್ ತಟ್ಟೆಯಲ್ಲಿ ಬಾಗಿನ ಕೊಡುತ್ತಾರೆಂದು ಕೇಳಿ, ಇಲ್ಲಿಂದ ಕಟ್ಟಿ ಕಳಿಸೋಣ ಎಂದು ಶುರುಮಾಡಿದ್ದೆ. ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿರುವ ಒಬ್ಬ ಹುಡುಗಿ ವೆಬ್‌ಸೈಟು ಮಾಡಿಕೊಟ್ಟಳು.

ಅದಾದ ಮೇಲೆ ಕಡೂರಿನಲ್ಲಿ ಮೈದುನನ ಮಗಳು ದೊಡ್ಡವಳಾದ ಆರತಿ ನಡೆಯಿತು. ಪಂಕ್ತಿಯಲ್ಲಿ ನಾನು ಶ್ಯಾವಿಗೆ ಪಾಯಸದ ದ್ರಾಕ್ಷಿಯನ್ನು ಬೆರಳಿನಿಂದ ಎಲೆಯಂಚಿಗೆ ಸರಿಸುತ್ತಿದ್ದೆ. ದ್ರಾಕ್ಷಿ ನನಗೆ ಸೇರುವುದಿಲ್ಲ. ಎದುರು ಸಾಲಿಗೆ ಬಡಿಸುತ್ತಿದ್ದ ವಾರಗಿತ್ತಿ ತನ್ನ ತವರಿನವರಿಗೆ ಹೇಳಿದಳು: "ನಮ್ಮಕ್ಕ ಈಗ ಮೊರ ಮಾರ್ತಾರೆ ಕಣ್ರೀ. ಕಾನ್ವೆಂಟಲ್ಲಿ ಓದಿದ್ದು ಸಾರ್ಥಕ ಆಯ್ತು." ಸಾಲಿಗೆ ಸಾಲೇ ನಕ್ಕಿತು. ನಮ್ಮ ಯಜಮಾನರೂ ನಕ್ಕರು, ಪಾಯಸ ನೆತ್ತಿಗೇರಿ ಕೆಮ್ಮುವಷ್ಟು. ನಾನೂ ನಕ್ಕೆ. ದನಿ ಏರಿಸಬಾರದು, ಹತ್ತು ಜನರ ಮುಂದೆ ಮುಖ ಕೆಡಿಸಿಕೊಳ್ಳಬಾರದು ಎಂದು ಸಿಸ್ಟರ್‌ಗಳು ಕಲಿಸಿದ್ದರು. ಮರೆತುಬಿಡಬೇಕು ಎಂದೂ ಕಲಿಸಿರಬೇಕು. ಆ ದಿನ ನನಗೆ ಜ್ವರವಿದ್ದು ತರಗತಿಗೆ ಹೋಗಿರಲಿಲ್ಲವೋ ಏನೋ.

ಮೂರು ತಿಂಗಳಿಗೆ ಅವಳೂ ಫೋನಿನಲ್ಲಿ ಒಂದು ಪುಟ ತೆರೆದು ಬಾಗಿನ ಮಾರಲು ಕೂತಳು. ಮೊರ ನಗೆಯ ವಸ್ತುವಾದರೆ ಇದು ಯಾಕಮ್ಮಾ ಎಂದು ನಾನು ಕೇಳಲಿಲ್ಲ. ಅವಳು ಹಾಕಿದ್ದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮೊರದ ಸುತ್ತ ಮೂರು ಸುತ್ತು ದಾರ, ಗಂಟಿನ ಮಧ್ಯೆ ಸಿಕ್ಕಿಸಿದ ಅರಿಶಿನದ ಕೊಂಬು. ಅದು ನನ್ನ ಗಂಟು. ಅತ್ತೆ ಕಲಿಸಿಕೊಟ್ಟ ಗಂಟು ಎನ್ನುವುದು ನಿಜ, ಅತ್ತೆ ಅವಳಿಗೂ ಅತ್ತೆಯೇ ಎನ್ನುವುದೂ ನಿಜ. ಆದರೆ ಇಪ್ಪತ್ತು ವರ್ಷ ಒಮ್ಮೆಯೂ ಮೊರ ಕಟ್ಟದವಳಿಗೆ, ನಾನು ಕಟ್ಟುವ ವಿಡಿಯೋ ಹಾಕಿದ ಮೇಲೆ ಅದು ನೆನಪಾಯಿತೇ? ಗಂಡನಿಗೆ ತೋರಿಸಿದರೆ, "ದಾರ ಎಲ್ಲಾ ಒಂದೇ ಥರ ಕಾಣ್ತದೆ ಕಣೇ" ಎಂದರು.

ಆಗ ನಾನು ತರೀಕೆರೆಯ ಬಸ್ಸು ಹತ್ತಿದೆ. ಬಂದವರ ಲೆಕ್ಕ ಓದುವುದನ್ನು ಕಲಿಯಬೇಕಿತ್ತು. ವ್ಯಾಪಾರ ಬೆಳೆಸಲು ಎಂದು ಆ ಹುಡುಗಿಗೆ ಹೇಳಿದೆ. ನನ್ನ ಮನಸ್ಸಿನಲ್ಲಿದ್ದದ್ದು ಅವಳಿಗೇಕೆ?

ಒಳ್ಳೆಯ ಮೇಷ್ಟರಂತೆ ಕಲಿಸಿದಳು ಅವಳು. ನಾನು ಮಾರ್ಜಿನ್ ಎಳೆದ ನೋಟುಪುಸ್ತಕ ತೆರೆದುಕೊಂಡು ಬರೆದುಕೊಂಡೆ.

"ಎಷ್ಟು ಜನ ಬಂದ್ರು ಅಂತ ನೋಡಿ ಖುಷಿ ಪಡಬೇಡಿ ಮೇಡಮ್. ಸಂತೇಲಿ ಊರಿಗೆ ಊರೇ ಓಡಾಡ್ತದೆ. ನಿಮ್ಮ ಮುಂದೆ ಯಾರು ನಿಂತ್ರು, ಯಾವುದನ್ನ ಕೈಗೆ ತಗೊಂಡ್ರು, ಎಲ್ಲಿ ಕೆಳಗಿಟ್ಟು ಎದ್ದೋದ್ರು, ಅದನ್ನ ನೋಡಿ."

ನೋಡಿದರೆ, ಬಂದವರಲ್ಲಿ ಮುಕ್ಕಾಲು ಜನ ಮೊದಲ ಪುಟದಿಂದಲೇ ಎದ್ದು ಹೋಗುತ್ತಿದ್ದರು. ಅಲ್ಲಿ ನಾನು ಬಾಗಿನದ ಮಹತ್ವದ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಕಾನ್ವೆಂಟಿನಲ್ಲಾಗಿದ್ದರೆ ವೆರಿ ಗುಡ್ ಸಿಗುತ್ತಿತ್ತು.

"ಇದನ್ನ ಯಾರೂ ಓದ್ತಿಲ್ಲ ಮೇಡಮ್. ಫೋಟೋ ಮೇಲಕ್ಕೆ ತನ್ನಿ" ಎಂದಳು. ಮನಸ್ಸಿಲ್ಲದ ಮನಸ್ಸಿನಿಂದ ಪ್ರಬಂಧ ತೆಗೆಸಿದೆ. ಗೂಗಲ್‌ನಿಂದ ಬರುವವರು ಏನೆಂದು ಹುಡುಕಿ ಬರುತ್ತಾರೆ ಎಂಬುದನ್ನೂ ತೋರಿಸಿದಳು. 'ಬಾಗಿನದಲ್ಲಿ ಏನೇನು ಇಡಬೇಕು' ಎಂಬುದೇ ಹೆಚ್ಚು. ಹಾಗಾಗಿ ಅದಕ್ಕೊಂದು ಬೇರೆ ಪುಟ ಮಾಡಿ ಪಟ್ಟಿ ಹಾಕಿದೆವು. ಆ ಪುಟಕ್ಕೆ ಬಂದವರು ನಿಂತು ಓದಿ, ಮುಂದಕ್ಕೂ ಹೋದರು. ಆದರೆ ವಿಳಾಸ ತುಂಬುವ ಕಡೆ ಬಂದು ಮತ್ತೆ ಮಾಯವಾಗುತ್ತಿದ್ದರು. ಹುಡುಗಿ ಆ ಪುಟವನ್ನು ಮೇಲಿಂದ ಕೆಳಗೆ ನೋಡಿ ನಗಲು ಶುರುಮಾಡಿದಳು.

"ಯಜಮಾನರ ಹೆಸರು ಯಾಕೆ ಕೇಳಿದೀರಾ ಮೇಡಮ್?"

"ಮತ್ತೆ ಪಾರ್ಸೆಲ್ ಮೇಲೆ ಬೇಡ್ವೇನಮ್ಮಾ?"

"ಪೋಸ್ಟ್‌ಮ್ಯಾನ್‌ಗೆ ಅದು ಯಾಕೆ ಬೇಕು? ಗಂಡನ ಹೆಸರು ಬರೀಬೇಕಲ್ಲ ಅಂತ ನಾಚ್ಕೊಂಡು ಓಡೋಗ್ತಿದಾರೆ ಎಲ್ರೂ."

ಆ ಸಾಲು ತೆಗೆಸಿದ ವಾರದಿಂದ ಆರ್ಡರು ಬರತೊಡಗಿದವು. ಯಾರೊಬ್ಬರೂ ನನಗೆ ದೂರು ಕೊಟ್ಟಿರಲಿಲ್ಲ. ಅವರು ಎಲ್ಲಿ ನಿಂತರು, ಎಲ್ಲಿಂದ ಹೊರಟರು ಎನ್ನುವುದೇ ಎಲ್ಲವನ್ನೂ ಹೇಳಿತ್ತು. ಜನರ ಮನಸ್ಸನ್ನು ಅವರ ಎದುರು ಕೂರದೆ ಓದಬಹುದು ಎನ್ನುವುದು ನನಗೆ ತುಂಬ ಹಿಡಿಸಿತು. ಎದುರು ಕೂತರೆ ನಾನು ನಕ್ಕುಬಿಡುತ್ತೇನೆ, ಅದೇ ನನ್ನ ಕಷ್ಟ.

ಕೊನೆಯ ದಿನ ನನ್ನ ಫೋನಿನಿಂದ ಆಗುವ ಭೇಟಿಗಳು ಪಟ್ಟಿಯಲ್ಲಿ ಸೇರದಂತೆಯೂ ಮಾಡಿಕೊಟ್ಟಳು. "ಇಲ್ಲಾಂದ್ರೆ ನೀವೇ ಹತ್ತು ಸಲ ನೋಡಿ, ಹತ್ತು ಜನ ಬಂದ್ರು ಅಂದ್ಕೋತೀರಾ." ನಾನು ಬ್ಯಾಗು ಎತ್ತಿಕೊಂಡಾಗ ಇನ್ನೇನೋ ಹೇಳಿದಳು. "ಊರಿನ ಹೆಸರು ಸುಮಾರಾಗಿ ತೋರ್ಸುತ್ತೆ ಮೇಡಮ್, ಅದನ್ನೇ ನೆಚ್ಕೋಬೇಡಿ." ಅಜ್ಜಂಪುರದ ಬಸ್ಸು ಹಾರ್ನ್ ಹಾಕುತ್ತಿತ್ತು. ನಿಂತುಕೊಂಡೇ ಬರೆದೆ: 'ಊರು, ಸುಮಾರು.' ಆ ಪುಸ್ತಕದಲ್ಲಿ ನಾನು ಅಡಿಗೆರೆ ಹಾಕದೆ ಬಿಟ್ಟ ಸಾಲು ಅದೊಂದೇ.

ಅಂದಿನಿಂದ ದಿನಾ ಪಟ್ಟಿ ನೋಡತೊಡಗಿದೆ. ನಮ್ಮ ಅಜ್ಜಂಪುರದ ಹೆಸರು ಒಂದು ದಿನವೂ ಬರಲಿಲ್ಲ. ಎಲ್ಲೆಲ್ಲಿಯವರೋ ನೋಡುತ್ತಾರೆ, ನಮ್ಮ ಬೀದಿಯವರು ಒಬ್ಬರೂ ನೋಡುವುದಿಲ್ಲವಲ್ಲ ಎಂದು ಅವರ ಮೇಲೂ ಸ್ವಲ್ಪ ಸಿಟ್ಟಿಟ್ಟುಕೊಂಡೆ. ಆದರೆ ಕಡೂರು ಬರುತ್ತಿತ್ತು. ದಿನಾ ಎರಡೂವರೆಯ ಆಸುಪಾಸಿಗೆ. ಬೇರೆ ಯಾವ ಪುಟಕ್ಕೂ ಹೋಗುತ್ತಿರಲಿಲ್ಲ, ನೇರವಾಗಿ ದಾರ ಕಟ್ಟುವ ವಿಡಿಯೋಗೆ. ಆ ವಿಡಿಯೋ ಇರುವುದು ನಾಲ್ಕು ನಿಮಿಷ. ಅದರಲ್ಲಿ ಮಾತಿಲ್ಲ, ಮುಖವಿಲ್ಲ. ನನ್ನ ಎರಡು ಕೈ, ಮೊರ, ದಾರ, ಬಳೆಯ ಸದ್ದು, ಅಷ್ಟೇ. ಕಡೂರು ಅದನ್ನು ಕೂತಲ್ಲೇ ಆರೇಳು ಸಲ ನೋಡುತ್ತಿತ್ತು. ಕದಿಯುವವರಲ್ಲದೆ ಒಂದೇ ಗಂಟನ್ನು ದಿನಾ ಆರೇಳು ಸಲ ಯಾರು ನೋಡುತ್ತಾರೆ?

ಸಾಕ್ಷಿ ಸಿಕ್ಕಿತು ಎಂದುಕೊಂಡಾಗ ಸಿಟ್ಟು ಬರಲಿಲ್ಲ. ಒಂದು ಬಗೆಯ ತಂಪಾಯಿತು.

ಹಬ್ಬಕ್ಕೆ ತಿಂಗಳಿರುವಾಗ ಒಂದು ವಾರ ಆ ವಿಡಿಯೋವನ್ನು ತೆಗೆದುಹಾಕಿದೆ. ಎರಡೂವರೆಗೆ ಮಂಚದ ಮೇಲೆ ಕಾಲು ಚಾಚಿ ಕೂತು ಪಟ್ಟಿ ನೋಡಿದೆ. ಕಡೂರು ಬಂತು. ಅರ್ಧ ನಿಮಿಷಕ್ಕೆ ಹೋಯಿತು. ಮತ್ತೆ ಬಂತು, ಹೋಯಿತು. ಮೂರು ಗಂಟೆಯೊಳಗೆ ಒಂಬತ್ತು ಸಲ. ಮುಚ್ಚಿದ ಬಾಗಿಲನ್ನು ತಟ್ಟಿದಂತೆ. ಮರುದಿನವೂ ಹಾಗೇ. ಒದ್ದಾಡಲಿ ಎಂದುಕೊಂಡೆ. ಮೊರ ಮಾರುವವಳ ಬಾಗಿಲು ಎಷ್ಟು ಗಟ್ಟಿ ಎಂದು ಗೊತ್ತಾಗಲಿ. ಆ ವಾರದ ಊಟ ನನಗೆ ರುಚಿಯಾಗಿ ಸೇರಿತು. ಪಕ್ಕದ ಮನೆಯಲ್ಲಿ ಆ ದಿನಗಳಲ್ಲಿ ಮಧ್ಯಾಹ್ನವೆಲ್ಲ ಗಲಾಟೆ. ಲಕ್ವ ಹೊಡೆದು ಮಾತು ಹೋದ ಆ ಮನೆಯ ಅಜ್ಜಿ ಗೋಡೆಯಾಚೆ ಕೂಗುತ್ತಿದ್ದರು, ತಟ್ಟೆ ಬಿದ್ದ ಸದ್ದು ಕೇಳುತ್ತಿತ್ತು. ನನ್ನ ಸಂತೋಷಕ್ಕೆ ಅಡ್ಡಿಯಾಗದಿರಲೆಂದು ಫ್ಯಾನು ಜೋರು ಮಾಡಿಕೊಂಡೆ. ವಾರವಾದ ಮೇಲೆ ಬೇರೆ ಊರಿನವರ ಆರ್ಡರುಗಳೂ ಇಳಿದವು. ವಿಡಿಯೋ ನೋಡಿಯೇ ಜನ ನಂಬಿ ಕೊಳ್ಳುತ್ತಿದ್ದರು ಎಂದು ಆಗ ಗೊತ್ತಾಯಿತು. ಅದನ್ನು ಮತ್ತೆ ಹಾಕಿದೆ. ಕಡೂರು ಅದೇ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೇ ಓಡಿ ಬಂತು, ಮುಕ್ಕಾಲು ಗಂಟೆ ಕೂತಿತು.

ಆಗ ನನಗೆ ಕಾಗದದ ಯೋಚನೆ ಹೊಳೆಯಿತು. ತರೀಕೆರೆಗೆ ಹೋಗಿ ತಿಂಗಳ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ತಂದೆ. ಕಡೂರು ಎಂದಿರುವ ಪ್ರತಿ ಸಾಲಿನ ಕೆಳಗೆ ಸ್ಕೇಲು ಇಟ್ಟು ಕೆಂಪು ಗೆರೆ ಎಳೆದೆ. ಕೊನೆಯಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆದೆ: 'ದಿನಾ ಬಂದು ಹೋಗುತ್ತಿದ್ದೆ. ಬರಿಗೈಯಲ್ಲಿ ಹೋಗಬೇಡವೆಂದು ಈ ಬಾಗಿನ.'

ಹಬ್ಬದ ಬೆಳಿಗ್ಗೆ ಉಕ್ಕಿದ ಹಾಲು ಒರೆಸಿ, ಗೌರಿಯ ಪೂಜೆ ಮುಗಿಸಿ, ಹದಿನಾರು ಎಳೆಯ ದಾರ ಕೈಗೆ ಕಟ್ಟಿಕೊಂಡು ಬಾಗಿನ ತುಂಬಲು ಕೂತೆ. ಅವಳಿಗೆ ಕಮ್ಮಿ ಮಾಡಲಿಲ್ಲ. ಅಕ್ಕಿ ಸೋಸಿದ್ದೆ, ಬಳೆ ಅವಳ ಅಳತೆಯದು, ರವಿಕೆ ಕಣ ಅವಳಿಗೆ ಇಷ್ಟವಾದ ನವಿಲು ಬಣ್ಣದ್ದು. ಆ ಕಣದ ಮಡಿಕೆಯೊಳಗೆ ಕಾಗದ ಇಟ್ಟೆ. ಮೇಲೆ ಮೊರ ಮುಚ್ಚಿ ಮೂರು ಸುತ್ತು ಹಾಕಿ, ಕೊಂಬು ಸಿಕ್ಕಿಸಿ ಕಟ್ಟಿದೆ. ಅಷ್ಟು ಚೆಂದದ ಗಂಟನ್ನು ಅದಕ್ಕೆ ಮುಂಚೆ ನಾನು ಕಟ್ಟಿರಲಿಲ್ಲ.

ಬೀರೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಕಡೂರಿಗೆ ಇನ್ನೊಂದು. ಬಸ್ಸಿನ ತುಂಬ ಹೊಸ ಈರುಳ್ಳಿಯ ವಾಸನೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳನ್ನು ನೋಡಿ ಪಕ್ಕದಾಕೆ, "ತಂಗಿ ಮನೆಗಾ?" ಎಂದರು. ಹೂಂ ಎಂದೆ.

ವಾರಗಿತ್ತಿ ಬಾಗಿಲಿಗೇ ಬಂದಳು. ಮೂಗುತಿಯ ಒಂದು ಕಲ್ಲು ಬಿದ್ದು ಹೋಗಿ ಅಲ್ಲಿ ಕಪ್ಪಗೆ ಕಾಣುತ್ತಿತ್ತು. "ಬನ್ನಿ ಅಕ್ಕಾ, ಎಷ್ಟೊತ್ತಿಂದ ದಾರಿ ನೋಡ್ತಿದೀನಿ. ನೀವು ಬರೋವರ್ಗೂ ಬಾಯಿಗೆ ನೀರು ಹಾಕ್ಬಾರ್ದು ಅಂತ ಕೂತಿದೀನಿ."

"ಹೌದೇನೇ" ಎಂದೆ. "ಬಾಗಿನದ ವ್ಯಾಪಾರ ಹೇಗಿದೆ?"

"ಅಯ್ಯೋ, ನಿಮ್ಮಷ್ಟು ಎಲ್ಲಿ. ಹತ್ತು ಹೋದ್ರೆ ಹೆಚ್ಚು. ಮಧ್ಯಾಹ್ನ ಪೂರ್ತಿ ಫೋನು ನನ್ನ ಮಗಳ ಕೈಲಿ, ಟ್ಯೂಷನ್ ಕ್ಲಾಸಂತೆ. ಯಾರಾದ್ರೂ ಫೋನ್ ಮಾಡಿದ್ರೂ ನಂಗೆ ಸಿಗಲ್ಲ."

ಮಧ್ಯಾಹ್ನ ಎಂಬ ಪದವನ್ನು ನಾನು ಎತ್ತಿರಲಿಲ್ಲ. ತಾನಾಗಿಯೇ ಎತ್ತಿದಳಲ್ಲ ಎಂದು ಮನಸ್ಸಿನಲ್ಲೇ ಇನ್ನೊಂದು ಕೆಂಪು ಗೆರೆ ಎಳೆದೆ.

ಗೌರಿಯ ಮುಂದೆ ಎದುರುಬದುರು ಕೂತೆವು. ನನ್ನ ಸೆರಗು, ಅವಳ ಸೆರಗು ಎರಡೂ ಮೊರದ ಮೇಲೆ. ಆ ಮುಸುಕಿನ ಕೆಳಗೆ ಅವಳ ಬೆರಳು ನನ್ನ ಬೆರಳಿಗೆ ತಾಗಿತು, ಬಿಸಿಯಾಗಿತ್ತು. ಗಂಟಿನ ಮೇಲೆ ಕೈಯಾಡಿಸಿ, "ಅತ್ತೆ ಕಟ್ತಿದ್ದ ಹಂಗೇ ಇದೆ ಅಕ್ಕಾ. ನಂಗೆ ಮೂರ್ನೇ ಸುತ್ತು ಯಾವಾಗ್ಲೂ ಸಡಿಲ ಆಗ್ಬಿಡ್ತದೆ" ಎಂದಳು. ತಿಂಗಳುಗಟ್ಟಲೆ ನೋಡಿದರೂ ಬರಲಿಲ್ಲವೇ ಎಂದು ಕೇಳಬೇಕೆನಿಸಿತು. ಬಗ್ಗಿ ನನ್ನ ಕಾಲು ಮುಟ್ಟಿದಳು. ತಲೆಯ ಮೇಲೆ ಕೈ ಇಟ್ಟೆ. ಕೊಟ್ಟವರ ಎದುರು ಬಾಗಿನ ಬಿಚ್ಚುವಂತಿಲ್ಲ, ಅದು ನಮ್ಮ ಮನೆತನದ ಪದ್ಧತಿ. ಅತ್ತೆ ಮಾಡಿಟ್ಟ ಆ ಪದ್ಧತಿ ಅಂದು ನನಗೆಷ್ಟು ಅನುಕೂಲವಾಯಿತು ಎಂದರೆ, ಒಬ್ಬಟ್ಟು ತಿಂದು, ಎಲೆ ಅಡಿಕೆ ಹಾಕಿಕೊಂಡು, ಟಾಟಾ ಮಾಡಿ ಬಸ್ಸು ಹತ್ತಿದೆ.

ಬೀರೂರಿನಲ್ಲಿ ಬಸ್ಸು ಬದಲಿಸುವಾಗ ಫೋನು ಬಡಿಯಿತು. ಅವಳೇ. ಎತ್ತಲಿಲ್ಲ. ಮೂರು ಸಲ ಬಡಿದು ಸುಮ್ಮನಾಯಿತು. ಆ ಪಂಕ್ತಿಯ ಒಂದೊಂದೇ ಮುಖವನ್ನು ನೆನಪಿಸಿಕೊಂಡು, ಈಗ ನಗಿ ನೋಡೋಣ ಎಂದುಕೊಂಡೆ. ಅಜ್ಜಂಪುರ ಹತ್ತಿರವಾಗುವಾಗ ಮೆಸೇಜು ಬಂತು.

'ಅಕ್ಕ, ಕಾಗದ ನೋಡಿದೆ. ನಾನು ನಿಮ್ಮ ವೆಬ್‌ಸೈಟು ನೋಡಿದ್ದು ಒಂದೇ ಸಲ, ನೀವು ಶುರು ಮಾಡಿದ ದಿನ. ನಂಬೋದು ಬಿಡೋದು ನಿಮಗೆ ಸೇರಿದ್ದು. ನಾಳೆ ಇವರ ಕೈಲಿ ಬಾಗಿನ ವಾಪಸ್ ಕಳಿಸ್ತೀನಿ.'

ಎರಡು ಸಲ ಓದಿದೆ. ಸಿಕ್ಕಿಬಿದ್ದವರು ಇನ್ನೇನು ಹೇಳುತ್ತಾರೆ? ಕಳಿಸಲಿ. ಮೊರ ವಾಪಸ್ಸು ಬಂದರೆ ಮೊರ ಮಾರುವವಳಿಗೆ ಭಾರವೇ? ಹಾಗೆಂದುಕೊಂಡರೂ, ಬಸ್ಸಿನಿಂದ ಇಳಿದು ಮನೆಯವರೆಗೆ ನಡೆಯುವಾಗ ಖಾಲಿ ಕೈ ಏನನ್ನೋ ಮರೆತು ಬಂದಂತೆ ಆಡುತ್ತಿತ್ತು. ಯಜಮಾನರು "ಏನಂದ್ಲು?" ಎಂದು ಕೇಳಿದರು. "ನಾಳೆ ನಿಮ್ಮ ತಮ್ಮ ಬರ್ತಾರೆ" ಎಂದೆ. ಅವರ ಮುಖ ಅರಳಿತು. ಯಾಕೆ ಬರುತ್ತಾರೆ ಎಂದು ಹೇಳಲಿಲ್ಲ.

ದೀಪ ಹಚ್ಚಿದ ಮೇಲೆ ಪಕ್ಕದ ಮನೆಯಾಕೆ ಅರಿಶಿನ ಕುಂಕುಮಕ್ಕೆ ಬಂದರು. ಸೊಸೆಯಾಗಿ ಬಂದಾಗಿನಿಂದ ಆ ಲಕ್ವದ ಅತ್ತೆಯ ಸೇವೆ ಅವರದೇ. ರವಿಕೆಯ ತೋಳಿನ ಮೇಲೆ ಗಂಜಿಯ ಒಣಗಿದ ಕಲೆ ಇತ್ತು, ಹಬ್ಬದ ಸೀರೆಯಾದರೂ. ಚಾಪೆ ಹಾಕಿ ಕೂರಿಸಿ ಕುಂಕುಮ ಇಟ್ಟೆ, ಹೂವು ಕೊಟ್ಟೆ, ಅವರ ಪಾಲಿನ ಬಾಗಿನವನ್ನು ಕೈಗಿಟ್ಟೆ.

ಅವರು ಮೊರವನ್ನು ತಿರುಗಿಸಿ ಗಂಟು ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಆಮೇಲೆ ನಕ್ಕು ಏಳುತ್ತಾ, ಸೆರಗಿಗೆ ಎಲೆ ಅಡಿಕೆ ಕಟ್ಟಿಕೊಳ್ಳುತ್ತಾ ಹೇಳಿದರು:

"ಈ ಬಳೆ ಸದ್ದು ಕೇಳಿದ್ರೇನೇ ನಮ್ಮತ್ತೆ ಬಾಯಿ ಬಿಡೋದು ಕಣ್ರೀ. ಎರಡೂವರೆಗೆ ನಿಮ್ಮ ವಿಡಿಯೋ ಹಾಕಿ ಮುಂದೆ ಇಟ್ರೆ, ಮುಗಿಯೋವಷ್ಟರಲ್ಲಿ ನಾಕು ತುತ್ತು, ಮತ್ತೆ ಹಾಕಿದ್ರೆ ಮತ್ತೆ ನಾಕು ತುತ್ತು. ಹೋದ ತಿಂಗ್ಳು ಒಂದ್ ವಾರ ಅದೇನಾಗಿತ್ತೋ, ಬರ್ಲೇ ಇಲ್ಲ ನೋಡಿ, ತಟ್ಟೆ ಎಲ್ಲಾ ಎಸೆದುಬಿಟ್ರು. ನೆಟ್‌ವರ್ಕ್ ಸರಿ ಇರ್ಲಿಲ್ಲ ಅಂತ ಕಾಣ್ತದೆ."